ಆನೆಯ ಮನೆಯಲ್ಲಿ ಮಂತ್ರಿ

"ಚೆಸ್ಸು ಯಾವತ್ತು ಐತೆ? ಎಷ್ಟೊತ್ತಿಗೆ?" ಅಂತ ಅಪ್ಪ ಫೋನ್ ಮಾಡಿ ಕೇಳಿದಾಗ ನನ್ನ ಕೈಯಲ್ಲಿದ್ದ ಕತ್ತರಿ ಅರ್ಧ ಬಟ್ಟೆಯಲ್ಲೇ ನಿಂತಿತು. ಹನ್ನೆರಡು ವರ್ಷದಿಂದ ಟೂರ್ನಮೆಂಟ್ ಆಡುತ್ತಿದ್ದೇನೆ. ಹಾಸನ, ಚಿಕ್ಕಮಗಳೂರು, ಒಂದು ಸಲ ಮೈಸೂರಿಗೂ ಹೋಗಿ ಬಂದಿದ್ದೇನೆ. ಅಪ್ಪ ಒಂದು ದಿನವೂ ಕೇಳಿದವನಲ್ಲ. ಗೆದ್ದ ಕಪ್ಪನ್ನು ತಂದು ತೋರಿಸಿದರೆ, "ಹೂಂ, ಚೆನ್ನಾಗೈತೆ. ಇತ್ತಾಳೇದಾ?" ಅಂತ ಬೆರಳಿನಿಂದ ತಟ್ಟಿ ನೋಡಿ ವಾಪಸ್ ಕೊಡುತ್ತಿದ್ದ. ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದವನು. ಮೂವತ್ತು ವರ್ಷ ಸುತ್ತಿಗೆ ಹಿಡಿದು ಹಳಿಯ ಕೀಲು ತಟ್ಟುತ್ತಾ ನಡೆದವನಿಗೆ ಯಾವ ಲೋಹ ಕಂಡರೂ ತಟ್ಟಿ ನೋಡುವ ಅಭ್ಯಾಸ.

"ಭಾನುವಾರ ಒಂಬತ್ತೂವರೆಗೆ. ಸಕಲೇಶಪುರದ ಕಲ್ಯಾಣ ಮಂಟಪದಲ್ಲಿ. ಯಾಕಪ್ಪ, ಬರ್ತೀಯಾ?" ಅಂದೆ.

"ಬರ್ತೀನಿ ಕಣವ್ವ. ಬರ್ದೆ ಏನು," ಅಂದ.

ಆನೇಮಹಲಿನಲ್ಲಿ ಹೈವೇ ಪಕ್ಕ ನನ್ನದೊಂದು ಟೈಲರ್ ಅಂಗಡಿ. ಮಿಷನ್ನಿನ ಪಕ್ಕ ಮೊಬೈಲ್ ಆನಿಸಿಟ್ಟುಕೊಂಡು, ಒಂದು ಕಣ್ಣು ಹೊಲಿಗೆಯ ಮೇಲೆ, ಇನ್ನೊಂದು ಕಣ್ಣು ಚೆಸ್ಸಿನ ಮೇಲೆ ಇಟ್ಟು ಕಲಿತವಳು ನಾನು. ಸಾವಿರದ ಐನೂರ ನಲವತ್ತು ರೇಟಿಂಗ್ ಇದೆ. ತಾಲ್ಲೂಕಿನಲ್ಲಿ ನನಗಿಂತ ಮೇಲೆ ಮೂರೇ ಜನ. ಆ ವಾರ ಗಿರಾಕಿಗಳ ಮೂರು ಬ್ಲೌಸ್ ಬದಿಗಿಟ್ಟು ನನಗೆ ಒಂದು ಹೊಸ ಚೂಡಿದಾರ್ ಹೊಲಿದುಕೊಂಡೆ. ಅಪ್ಪ ನೋಡಲು ಬರುತ್ತಾನೆ. ಅಪ್ಪ ನನ್ನ ಆಟ ನೋಡುತ್ತಾನೆ. ನನ್ನ ಗಂಡ ಮೋಹನ್, "ಏನು, ಮದುವೆಗೆ ಹೊರಟಂಗಿದೀಯಾ?" ಅಂತ ರೇಗಿಸಿದ.

ಭಾನುವಾರ ಮಂಟಪದ ಗೋಡೆಗೆ ಆಟಗಾರರ ಪಟ್ಟಿ ಅಂಟಿಸಿದ್ದರು. ನಲವತ್ತಾರು ಜನ. ನಾನು ನಾಲ್ಕನೆಯವಳು. ಸುಮ್ಮನೆ ಕೆಳಗಿನವರೆಗೂ ಕಣ್ಣು ಹಾಯಿಸಿದೆ. ಇಪ್ಪತ್ತೇಳನೆಯ ಹೆಸರು ನಯನಾ, ಬೆಳಗೋಡು. ರೇಟಿಂಗ್ ಜಾಗದಲ್ಲಿ ಸೊನ್ನೆ.

ನಯನಾ ನನ್ನ ತಮ್ಮ ಶಿವುವಿನ ಹೆಂಡತಿ. ಹಿಂದಿರುಗಿ ನೋಡಿದರೆ ಬಾಗಿಲಲ್ಲಿ ಅವಳೂ ಅಪ್ಪನೂ ನಿಂತಿದ್ದರು. ಅಪ್ಪ ಅವಳ ನೀರಿನ ಬಾಟಲಿ ಹಿಡಿದುಕೊಂಡಿದ್ದ.

"ವಾಣಿ, ನೀನೂ ಆಡ್ತೀಯಲ್ಲ, ಒಳ್ಳೇದೇ ಆಯ್ತು. ಇವ್ಳಿಗೆ ಸ್ವಲ್ಪ ಧೈರ್ಯ ಹೇಳು. ಬೆಳಿಗ್ಗೆಯಿಂದ ತಿಂಡೀನೇ ತಿಂದಿಲ್ಲ," ಅಂದ ಅಪ್ಪ. ನೀನೂ ಆಡ್ತೀಯಲ್ಲ. ನಾನು ಅಲ್ಲಿ ಕಸ ಗುಡಿಸಲು ಬಂದವಳು ಅಂದುಕೊಂಡಿದ್ದನೋ ಏನೋ.

ಅಪ್ಪ ಅವಳಿಗೆ ಚೆಸ್ ಹೇಳಿಕೊಡುತ್ತಿರುವುದು ನನಗೆ ಗೊತ್ತಿಲ್ಲದ್ದಲ್ಲ. ಹೋದ ಡಿಸೆಂಬರಿನಲ್ಲಿ ಅವಳ ಬ್ಲೌಸ್ ಕೊಡಲು ತವರಿಗೆ, ಬೆಳಗೋಡಿಗೆ ಹೋಗಿದ್ದೆ. ಅಂಗಳದ ತುಂಬ ಕಾಫಿ ಹಣ್ಣು ಹರಡಿತ್ತು. ಕಾಫಿ ಒಣಗುವ ಹತ್ತು ಹನ್ನೆರಡು ದಿನ ಯಾರಾದರೂ ಅಲ್ಲೇ ಕೂತಿರಬೇಕು. ಗಂಟೆಗೊಂದು ಸಲ ಎದ್ದು ಕೆದಕಬೇಕು, ಮೋಡ ಕಟ್ಟಿದರೆ ರಾಶಿ ಮಾಡಿ ಟಾರ್ಪಾಲು ಎಳೆಯಬೇಕು. ಮಾವ ಸೊಸೆ ಇಬ್ಬರೂ ಆ ಕಣದ ಅಂಚಿನಲ್ಲಿ ಕೂತು, ನಡುವೆ ಬೋರ್ಡ್ ಇಟ್ಟುಕೊಂಡಿದ್ದರು. ಅದು ಹಳಿಯ ಕೆಳಗೆ ಹಾಸುವ ಹಳೆಯ ಸ್ಲೀಪರ್ ಮರದ ತುಂಡಿನ ಮೇಲೆ ಅಪ್ಪ ತಾನೇ ಬಣ್ಣ ಹಚ್ಚಿ ಮಾಡಿದ ಬೋರ್ಡು. ನಾನು ಅದನ್ನು ಇಪ್ಪತ್ತನಾಲ್ಕು ವರ್ಷದಿಂದ ನೋಡಿರಲಿಲ್ಲ. ಸುಟ್ಟು ಹಾಕಿದ್ದಾನೆ ಅಂದುಕೊಂಡಿದ್ದೆ.

"ಅಲ್ಲಲ್ಲ ಮಗಾ, ಕುದುರೆ ಅಲ್ಲಿಟ್ರೆ ಒಂಟೆ ಹೊಡ್ದು ಬುಡ್ತದೆ. ಇನ್ನೊಂದು ಸಲ ನೋಡು," ಅನ್ನುತ್ತಿದ್ದ. ಮಗಾ. ನಡೆ ವಾಪಸ್ ತೆಗೆದುಕೊಳ್ಳಲು ಬಿಡುತ್ತಿದ್ದ. ನನ್ನನ್ನು ಒಂದು ಸಲವೂ ಬಿಟ್ಟವನಲ್ಲ. ಬ್ಲೌಸ್ ಕೊಟ್ಟು, ಕಾಫಿ ಬೇಡ ಅಂತ ಹೇಳಿ, ಮುಂದಿನ ಬಸ್ಸಿಗೇ ವಾಪಸ್ ಬಂದೆ. ಆ ಬ್ಲೌಸಿನ ತೋಳು ಬಿಗಿಯಾಯಿತು ಅಂತ ಆಮೇಲೆ ಅವಳು ಫೋನ್ ಮಾಡಿದಳು. ಬಿಗಿಯಾಗಲಿ ಅಂದುಕೊಂಡೆ. ಹೊಟ್ಟೆಕಿಚ್ಚು ಅನ್ನುವುದಾದರೆ ಅನ್ನಿ, ಅದು ಹೊಟ್ಟೆಕಿಚ್ಚೇ.

ಆ ಬೋರ್ಡಿನ ಕತೆ ಹೇಳದೆ ಮುಂದಿನದು ತಿಳಿಯುವುದಿಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪನಿಗೆ ಎಡಕುಮೇರಿ ಸ್ಟೇಷನ್ನಿನಲ್ಲಿ ಕೆಲಸ. ಸುತ್ತ ಕಾಡು, ಊರಿಲ್ಲ, ಅಂಗಡಿಯಿಲ್ಲ. ಬೇಸಿಗೆ ರಜೆಗೆ ನಾವು ಅಲ್ಲಿಗೆ ಹೋಗುತ್ತಿದ್ದೆವು. ರೈಲು ಇಲ್ಲದ ಹೊತ್ತಿನಲ್ಲಿ ಸ್ಟೇಷನ್ನಿನವರೆಲ್ಲ ಸೇರಿ ಚೆಸ್ ಆಡುತ್ತಿದ್ದರು, ಅವರದೇ ಹಳೆಯ ನಿಯಮದ ಪ್ರಕಾರ. ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಸಿಪಾಯಿ ಎದುರಿನ ಕೊನೆಯ ಮನೆ ಮುಟ್ಟಿದರೆ ಆಟದ ಶುರುವಿನಲ್ಲಿ ಆ ಮನೆಯಲ್ಲಿ ಯಾವ ಕಾಯಿ ಇತ್ತೋ ಆ ಕಾಯಿಯೇ ಆಗಬೇಕು. ಕುದುರೆಯ ಮನೆಯಾದರೆ ಕುದುರೆ, ಮೂಲೆಮನೆಯಾದರೆ ಆನೆ. ಅಪ್ಪ ಶಿವುವಿಗೆ ಹೇಳಿಕೊಡಲು ನೋಡಿದ, ಅವನು ಎದ್ದು ಓಡಿದ. ಪಕ್ಕದಲ್ಲಿ ಕೂತಿದ್ದ ನಾನು ಕಲಿತೆ.

ಹದಿಮೂರು ವರ್ಷದವಳಿದ್ದಾಗ ಶಾಲೆಯಲ್ಲಿ ನನಗೆ ಚೆಸ್ಸಿನ ಪುಸ್ತಕವೊಂದು ಬಹುಮಾನವಾಗಿ ಬಂತು. ಆ ರಜೆಯಲ್ಲಿ ಅಪ್ಪನ ಜೊತೆ ಆಡುವಾಗ ನನ್ನ ಸಿಪಾಯಿ ಮೂಲೆಮನೆಗೆ ಹೋಯಿತು. ಅಪ್ಪ ಆನೆ ತೆಗೆದು ಕೊಟ್ಟ. ನನಗೆ ಮಂತ್ರಿ ಬೇಕು ಅಂದೆ. "ಅದು ಆನೆ ಮನೆ ಕಣೇ," ಅಂದ. "ಅದು ತಪ್ಪು ರೂಲ್ಸು. ಪುಸ್ತಕದಲ್ಲಿ ಯಾವ ಕಾಯಿ ಬೇಕಾದ್ರೂ ಇಡಬಹುದು ಅಂತೈತೆ. ನೀವೆಲ್ಲ ಇಷ್ಟು ವರ್ಷ ತಪ್ಪಾಗಿ ಆಡಿದ್ದೀರಿ," ಅಂತ ಪುಟ ತೆಗೆದು ತೋರಿಸಿದೆ. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಗುಂಡಯ್ಯ, "ಲಕ್ಕಪ್ಪ, ಮಗಳು ನಿಂಗೇ ಪಾಠ ಮಾಡ್ತಾವ್ಳಲ್ಲೋ ಮಾರಾಯ," ಅಂತ ನಕ್ಕ. ಇನ್ನಿಬ್ಬರೂ ನಕ್ಕರು. ಅಪ್ಪ ಕಾಯಿಗಳನ್ನೆಲ್ಲ ಚೀಲಕ್ಕೆ ಸುರಿದು, "ಪುಸ್ತಕದ ಜೊತೆಗೇ ಆಡ್ಕ ಹೋಗು," ಅಂದ. ಆಮೇಲೆ ಅವನು ನನ್ನ ಜೊತೆ ಆಡಲೇ ಇಲ್ಲ. ನಾನು ಕೇಳಲೂ ಇಲ್ಲ.

ಇಂಥ ಟೂರ್ನಮೆಂಟುಗಳಲ್ಲಿ ಮೊದಲ ಸುತ್ತಿಗೆ ಪಟ್ಟಿಯ ಮೇಲರ್ಧಕ್ಕೆ ಕೆಳಗಿನರ್ಧವನ್ನು ಜೋಡಿಸುತ್ತಾರೆ. ಮೊದಲನೆಯವರಿಗೆ ಇಪ್ಪತ್ನಾಲ್ಕನೆಯವರು, ಎರಡನೆಯವರಿಗೆ ಇಪ್ಪತ್ತೈದನೆಯವರು. ಗೋಡೆಯ ಮುಂದೆ ನಿಂತಾಗಲೇ ಬೆರಳು ಮಡಿಸಿ ಎಣಿಸಿದ್ದೆ. ನಾಲ್ಕನೆಯವಳಿಗೆ ಇಪ್ಪತ್ತೇಳನೆಯವಳು. ನನಗೆ ಬಿಳಿ ಕಾಯಿ.

"ಅಕ್ಕ, ನಿಮ್ ಜೊತೇನೇ ಬಂತಲ್ಲ. ಬೇರೆಯವರ ಮುಂದೆ ಮರ್ಯಾದೆ ಹೋಗೋದು ತಪ್ತು," ಅಂತ ನಯನಾ ನಿಟ್ಟುಸಿರು ಬಿಟ್ಟು ಕೂತಳು. ಅವಳ ಮಾತಿನಲ್ಲಿ ಕಪಟವಿಲ್ಲ. ಅದೂ ನನಗೆ ಸಿಟ್ಟು ತರಿಸುತ್ತಿತ್ತು. ಅಪ್ಪ ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಕುರ್ಚಿಯನ್ನು ಎರಡು ಸಲ ಎಳೆದು ಜಾಗ ಬದಲಿಸಿದ. ಅವಳ ಬೆನ್ನ ಹಿಂದಿನಿಂದ ಬೋರ್ಡ್ ಕಾಣಬೇಕು, ಅವಳು ನೋಡುವ ಹಾಗೆಯೇ ತಾನೂ ನೋಡಬೇಕು. ನನ್ನ ಕಡೆಯಿಂದ ನೋಡಲು ಯಾರೂ ಕೂರಲಿಲ್ಲ. ಇರಲಿ, ನನ್ನ ಮುಖವಾದರೂ ಅವನಿಗೆ ಕಾಣುತ್ತದಲ್ಲ ಅಂದುಕೊಂಡೆ.

ಅವಳ ಆಟದಲ್ಲಿ ಪ್ರತಿ ನಡೆಯೂ ಅಪ್ಪನದೇ. ಕಾಯಿ ಇಟ್ಟ ಮೇಲೆ ಅದರ ತಲೆಯನ್ನು ಬೆರಳಿನಿಂದ ಒಂದು ಸಲ ತಟ್ಟುತ್ತಿದ್ದಳು. ಸಿಪಾಯಿಗಳನ್ನು ಎರಡು ಬದಿಯಿಂದಲೂ ಮೆಲ್ಲಗೆ ಏರಿಸುವುದು, ಕುದುರೆಗಳನ್ನು ಬಿಟ್ಟುಕೊಡದೆ ಹಿಡಿದುಕೊಳ್ಳುವುದು. ಇದೆಲ್ಲ ಒಂದು ಕಾಲಕ್ಕೆ ನನ್ನದೂ ಆಗಿತ್ತು. ಈಗ ನನಗೆ ಅದನ್ನು ಒಡೆಯುವುದು ಎಷ್ಟರ ಕೆಲಸ. ಒಂಬತ್ತನೆಯ ನಡೆಗೆ ಒಂದು ಸಿಪಾಯಿ ಹೋಯಿತು, ಹದಿಮೂರಕ್ಕೆ ಇನ್ನೊಂದು.

ಹದಿನಾಲ್ಕನೆಯ ನಡೆಯಲ್ಲಿ ಅವಳು ರಾಜನನ್ನು ಎತ್ತಿ, ಕುದುರೆಯ ಹಾಗೆ ಹಾರಿಸಿ, ತಲೆ ತಟ್ಟಿ, ಗಡಿಯಾರ ಒತ್ತಿದಳು.

ಮನೆಯವಳಲ್ಲವೇ, ಬಗ್ಗಿ ಪಿಸುಗುಟ್ಟಿ ಸರಿ ಮಾಡಬಹುದಿತ್ತು. ಆ ಯೋಚನೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ನಾನು ಗಡಿಯಾರ ನಿಲ್ಲಿಸಿ, ಕೈ ಎತ್ತಿ, ಸಭೆಗೆಲ್ಲ ಕೇಳುವ ಹಾಗೆ "ಸರ್, ತಪ್ಪು ನಡೆ," ಅಂದೆ.

ತೀರ್ಪುಗಾರ ಶಾಂತಮಲ್ಲಪ್ಪ ಮೇಷ್ಟ್ರು ಬಂದರು. "ಏನಮ್ಮ ಇದು, ರಾಜ ಹಿಂಗೆ ಹಾರ್ತಾನಾ?" ಅಂದರು.

"ಒಂದ್ಸಲ ಹಾರಬಹುದಲ್ವಾ ಸರ್? ನಮ್ ಮಾವ ಹೇಳ್ಕೊಟ್ಟಿದ್ದು ಹಂಗೇ," ಅಂದಳು ನಯನಾ. ಸುತ್ತಲಿನ ಬೋರ್ಡಿನವರು ತಲೆ ಎತ್ತಿದರು. ಯಾರೋ ನಕ್ಕರು. ಮೇಷ್ಟ್ರು ರಾಜನನ್ನು ವಾಪಸ್ ಇಡಿಸಿ, ನನಗೆ ಎರಡು ನಿಮಿಷ ಹೆಚ್ಚು ಕೊಟ್ಟು, ಇನ್ನೊಂದು ಸಲ ಹೀಗಾದರೆ ಆಟ ಹೋಯಿತು ಅಂತ ಎಚ್ಚರಿಸಿ ಹೋದರು. ಅಪ್ಪನ ಕಡೆ ನೋಡಿದೆ. ಅವನು ಎದ್ದು ನಿಂತಿದ್ದ. ಇಪ್ಪತ್ತನಾಲ್ಕು ವರ್ಷದ ಹಿಂದೆ ಕಾಯಿ ಚೀಲಕ್ಕೆ ಸುರಿದಾಗಿನ ಮುಖವೇ ಅದು. ನನಗೆ ಹಿತವಾಯಿತು. ಹಿತವಾಯಿತಲ್ಲ ಅಂತ ಸ್ವಲ್ಪ ಕಸಿವಿಸಿಯೂ ಆಯಿತು, ಆದರೆ ಹಿತವೇ ಹೆಚ್ಚು.

ಇಪ್ಪತ್ತನೆಯ ನಡೆಯ ಹೊತ್ತಿಗೆ ನಾನು ಒಂದು ಕುದುರೆ, ಎರಡು ಸಿಪಾಯಿ ಮುಂದಿದ್ದೆ. ನನ್ನ ಮಂತ್ರಿಯನ್ನು ಅವಳ ರಾಜನ ಪಕ್ಕಕ್ಕೆ ತಂದರೆ ಮೂರೇ ನಡೆಯಲ್ಲಿ ಚೆಕ್‌ಮೇಟ್. ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತಿತ್ತು. ಆಗಲೇ ಎಡಗಡೆಯ ಕೊನೆಯ ಸಾಲಿನಲ್ಲಿದ್ದ ನನ್ನ ಸಿಪಾಯಿ ಕಣ್ಣಿಗೆ ಬಿತ್ತು. ಅದರ ದಾರಿಯಲ್ಲಿ ಯಾರೂ ಇರಲಿಲ್ಲ. ಆ ಸಾಲಿನ ತುದಿ ಮೂಲೆಮನೆ, ಅಪ್ಪನ ಆನೆಯ ಮನೆ.

ಚೆಕ್‌ಮೇಟ್ ಬೇಡ ಅಂದುಕೊಂಡೆ. ಈ ಸಿಪಾಯಿಯನ್ನು ಅಪ್ಪನ ಕಣ್ಣ ಮುಂದೆಯೇ ಒಂದೊಂದೇ ಹೆಜ್ಜೆ ನಡೆಸಿಕೊಂಡು ಹೋಗಿ, ಆ ಮೂಲೆಮನೆಯಲ್ಲಿ ಮಂತ್ರಿ ಇಡುತ್ತೇನೆ. ಮೇಷ್ಟ್ರು ಪಕ್ಕದಲ್ಲೇ ಇರುತ್ತಾರೆ, ಯಾರೂ ತಪ್ಪು ಅನ್ನುವುದಿಲ್ಲ. ಅಂದು ಸ್ಟೇಷನ್ನಿನಲ್ಲಿ ನಿಂತುಹೋದ ಆಟವನ್ನು ಇಲ್ಲಿ ಮುಗಿಸುತ್ತೇನೆ.

ಅದಕ್ಕಾಗಿ ಬೋರ್ಡ್ ಬರಿದು ಮಾಡಬೇಕಿತ್ತು. ಮಂತ್ರಿಗೆ ಮಂತ್ರಿ ಕೊಟ್ಟೆ, ಆನೆಗೆ ಆನೆ, ಒಂಟೆಗೆ ಒಂಟೆ. ಕೊನೆಗೆ ಉಳಿದ ಕುದುರೆಯನ್ನೂ ನನ್ನ ಎರಡು ಸಿಪಾಯಿಗಳನ್ನೂ ಅವಳ ಕೊನೆಯ ಎರಡು ಸಿಪಾಯಿಗಳ ಬದಲಿಗೆ ಕೊಟ್ಟುಬಿಟ್ಟೆ. ಕೊಡಬೇಕಾದ ಅಗತ್ಯವೇ ಇರಲಿಲ್ಲ, ಬರೀ ಧಿಮಾಕು. ಈಗ ಬೋರ್ಡಿನ ಮೇಲೆ ನಾಲ್ಕೇ ಕಾಯಿ. ಅವಳ ಒಂಟಿ ರಾಜ, ನನ್ನ ರಾಜ, ನಡುವಿನಲ್ಲಿ ನನ್ನದೊಂದು ಸಿಪಾಯಿ, ಎಡತುದಿಯಲ್ಲಿ ನಡೆಯುತ್ತಿರುವ ಇನ್ನೊಂದು. ಅವಳ ರಾಜ ಅದನ್ನು ಹಿಡಿಯಲು ಓಡಿ ಬರುತ್ತಿದ್ದ, ಆದರೆ ಒಂದು ಹೆಜ್ಜೆ ಹಿಂದೆ.

ನಾನು ಬೋರ್ಡ್ ನೋಡುವುದನ್ನು ಬಿಟ್ಟು ಅಪ್ಪನನ್ನು ನೋಡುತ್ತಿದ್ದೆ. ಅವನು ಬಗ್ಗಿ, ಮೊಣಕಾಲ ಮೇಲೆ ಕೈಯೂರಿ ನೋಡುತ್ತಿದ್ದ. ಸಿಪಾಯಿ ಕೊನೆಯ ಮನೆಗೆ ಹೋಯಿತು. ಬೋರ್ಡಿನ ಪಕ್ಕ ಸಾಲಾಗಿ ಮಲಗಿದ್ದ ಕಾಯಿಗಳಲ್ಲಿ ಆನೆಯೂ ಇತ್ತು, ಮಂತ್ರಿಯೂ ಇತ್ತು. ಆನೆಯನ್ನು ಬೆರಳಿನಿಂದ ಸರಿಸಿ ಮಂತ್ರಿಯನ್ನು ಎತ್ತಿಕೊಂಡೆ. ಮೂಲೆಮನೆಯಲ್ಲಿ ಟಕ್ ಅಂತ ಕುಕ್ಕಿ, ಗಡಿಯಾರ ಒತ್ತಿ, ಅಪ್ಪನ ಮುಖವನ್ನೇ ನೋಡಿದೆ.

ಅಪ್ಪ ನನ್ನನ್ನು ನೋಡುತ್ತಿರಲಿಲ್ಲ. ಅವನ ಕಣ್ಣು ನಯನಾಳ ರಾಜನ ಮೇಲಿತ್ತು.

ನಯನಾ ಕೈಯನ್ನು ರಾಜನ ಮೇಲೆ ತಂದಳು, ಮುಟ್ಟಲಿಲ್ಲ. ಬೆರಳು ಗಾಳಿಯಲ್ಲೇ ಆ ಕಡೆ ಈ ಕಡೆ ಹೋಯಿತು, ಹಿಂದಕ್ಕೆ ಬಂತು. ಒಂದು ನಿಮಿಷ ಕಳೆಯಿತು. "ಅಕ್ಕ, ಚೆಕ್ ಇಲ್ಲ. ಆದ್ರೆ ನಂಗೆ ಎಲ್ಲೂ ಹೋಗಕ್ಕೆ ಜಾಗ ಇಲ್ವಲ್ಲ. ನಾನ್ ಸೋತ್ನಾ?" ಅಂತ ಕೇಳಿದಳು.

ಆಗ ನೋಡಿದೆ. ಸುತ್ತಲಿನ ಎಂಟು ಮನೆಯೂ ಮುಚ್ಚಿತ್ತು. ಎರಡನ್ನು ನನ್ನ ನಡುವಿನ ಸಿಪಾಯಿ ಹಿಡಿದಿತ್ತು, ಒಂದನ್ನು ನನ್ನ ರಾಜ. ಮಿಕ್ಕಿದ್ದನ್ನೆಲ್ಲ ನಾನು ಈಗಷ್ಟೇ ಕುಕ್ಕಿದ ಮಂತ್ರಿ ನೇರಕ್ಕೂ ಓರೆಗೂ ಹಿಡಿದು ಕೂತಿತ್ತು. ಚೆಕ್ ಇಲ್ಲ, ನಡೆಯೂ ಇಲ್ಲ. ಸ್ಟೇಲ್‌ಮೇಟ್, ಯಾರೂ ಗೆಲ್ಲದ ಆಟ. ಹತ್ತು ವರ್ಷದ ಮಕ್ಕಳಿಗೆ ನಾನೇ ಹೇಳಿಕೊಟ್ಟ ಪಾಠ ಇದು.

ಹೌದು, ನೀನು ಸೋತೆ, ಅಂದುಬಿಡೋಣ ಅನ್ನಿಸಿತು. ಅವಳು ನಂಬುತ್ತಿದ್ದಳು, ಕೈ ಕೊಟ್ಟು ಎದ್ದು ಹೋಗುತ್ತಿದ್ದಳು. ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಹಿಂದಿನಿಂದ ಮೇಷ್ಟ್ರು, "ಡ್ರಾ. ಇಬ್ರಿಗೂ ಅರ್ಧರ್ಧ," ಅಂದರು. ಸತ್ಯ ಹೇಳಿದ ಹೆಸರೂ ನನಗೆ ಸಿಗಲಿಲ್ಲ.

ಅಪ್ಪ ಎದ್ದು ನಮ್ಮ ಬೋರ್ಡಿನ ಹತ್ತಿರ ಬಂದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನ ಬೋರ್ಡಿನ ಹತ್ತಿರ.

"ಡ್ರಾ ಅಂದ್ರೇನು?" ಅಂದ.

"ಇಬ್ರೂ ಸಮ ಅಂತ," ಅಂದೆ.

"ಇವ್ಳೂ ನೀನೂ ಸಮನಾ?" ಅಂದ. ಬೇಕೆಂದು ಅಂದದ್ದಲ್ಲ, ನಿಜವಾಗಿಯೂ ಆಶ್ಚರ್ಯವಾಗಿತ್ತು. ಅವನ ಮುಖದ ಮೇಲೆ ನಗು ಬಂತು. ಅದನ್ನು ಮುಚ್ಚಿಕೊಳ್ಳಲು ಮೂಗು ಒರೆಸಿಕೊಂಡ. ನಕ್ಕೇಬಿಟ್ಟಿದ್ದರೆ ಪರವಾಗಿರಲಿಲ್ಲ.

ನಯನಾ ಇನ್ನೂ ಬೋರ್ಡನ್ನೇ ನೋಡುತ್ತಿದ್ದಳು. "ಮಾವ, ಇಲ್ ನೋಡಿ. ಅಕ್ಕ ಮಂತ್ರಿ ಬದ್ಲು ಆನೆ ಇಟ್ಟಿದ್ರೆ ಈ ಓರೆ ಮನೆ ಎರಡೂ ನಂಗೆ ಸಿಗೋವು. ಆಟ ನಿಲ್ತಾ ಇರ್ಲಿಲ್ಲ, ಆಮೇಲೆ ನಾನು ಸೋತೇ ಹೋಗ್ತಿದ್ದೆ. ನೀವು ಹೇಳ್ಕೊಟ್ಟಂಗೆ, ಮೂಲೆಮನೇಲಿ ಆನೆ," ಅಂದಳು. ಅದನ್ನು ತಾನೇ ಕಂಡುಕೊಂಡಿದ್ದಳು, ಅದೂ ಅಷ್ಟು ಬೇಗ. ಅಪ್ಪ ಮೂಲೆಯ ಮಂತ್ರಿಯನ್ನು ನೋಡಿದ, ನನ್ನನ್ನು ನೋಡಿದ. ಅವನಿಗೂ ನೆನಪಾಯಿತು ಅಂತ ನನಗೆ ಗೊತ್ತಾಯಿತು. ನಾನು ಎದ್ದು ಹೊರಗೆ ಹೋದೆ.

ಹಿಂದೆಯೇ ಅಪ್ಪನೂ ಬಂದ. ಮಂಟಪದ ಮೆಟ್ಟಿಲ ಮೇಲೆ ಎರಡು ಲೋಟ ಟೀ ಹಿಡಿದು ಪಕ್ಕದಲ್ಲಿ ಕೂತ.

"ಅವತ್ತು ನೀನ್ ಹೇಳಿದ್ದೇ ಸರಿ ಕಣವ್ವ," ಅಂದ. "ನೀನು ರಜೆ ಮುಗ್ಸಿ ಹೋದ್ಮೇಲೆ ಸ್ಟೇಷನ್ ಮಾಸ್ಟ್ರನ್ನ ಕೇಳ್ದೆ. ಯಾವ್ ಕಾಯಿ ಬೇಕಾದ್ರೂ ಇಡಬೌದಂತೆ."

"ಮತ್ತೆ ನನ್ ಜೊತೆ ಯಾಕೆ ಆಡ್ಲಿಲ್ಲ?" ಅಂದೆ.

"ಏನ್ ಆಡ್ಲಿ? ನೀನು ಪುಸ್ತಕ ಓದ್ಕಂಡೋಳು. ನಿನ್ ಮುಂದೆ ಬಾಯ್ ಬುಟ್ರೆ ತಪ್ಪಾಗೋದು. ಇವ್ಳಾದ್ರೆ ನಾನ್ ಹೇಳಿದ್ದನ್ನ ಹೂಂ ಅಂತಾಳೆ." ಟೀ ಊದಿ ಕುಡಿದ. "ಇವತ್ತು ಇವ್ಳ ಮುಂದೇನೂ ತಪ್ಪಾಯ್ತು, ಆ ರಾಜನ್ ವಿಷ್ಯ. ನೀನ್ ಹೇಳಿದ್ದು ಒಳ್ಳೇದಾಯ್ತು ಬುಡು."

ಇದನ್ನು ಕೇಳಿ ನನ್ನ ಮನಸ್ಸು ಕರಗಬೇಕಿತ್ತು. ಸ್ವಲ್ಪ ಕರಗಿತು ಕೂಡ. ಆದರೆ ಅದರ ಹಿಂದೆಯೇ ಇನ್ನೊಂದು ಎದ್ದಿತು. ನಾನು ಕಲಿತದ್ದಕ್ಕೆ ಅವನು ನನ್ನಿಂದ ದೂರವಾದ, ಅವಳಿಗೆ ಏನೂ ಗೊತ್ತಿಲ್ಲದ್ದಕ್ಕೆ ಹತ್ತಿರವಾದ. ಅವಳ ಗೊತ್ತಿಲ್ಲದಿರುವಿಕೆಯ ಮೇಲೂ ನನಗೆ ಹೊಟ್ಟೆ ಉರಿಯಿತು. ಅಷ್ಟು ವರ್ಷ ಮಿಷನ್ ಪಕ್ಕ ಮೊಬೈಲ್ ಇಟ್ಟುಕೊಂಡು ನಾನು ಕಲಿತದ್ದೆಲ್ಲ ಅವನನ್ನು ಇನ್ನಷ್ಟು ದೂರ ತಳ್ಳುವ ಕೆಲಸವೇ ಆಗಿತ್ತು.

ಎರಡನೆಯ ಸುತ್ತಿಗೆ ಕರೆದರು. ನಯನಾ ಬಂದು, "ಮಾವ, ಈ ಸಲ ಅಕ್ಕನ ಹತ್ರ ಕೂತ್ಕಳಿ. ನೀವು ನೋಡ್ತಿದ್ರೆ ನಂಗೆ ನಡೇನೇ ಮರ್ತೋಗ್ತದೆ," ಅಂದಳು. ಅಪ್ಪನನ್ನು ನನಗೆ ಬಿಟ್ಟುಕೊಡುವಷ್ಟು ಅವಳ ಹತ್ತಿರ ಅಪ್ಪ ಇದ್ದ. ನಾನು ಬೇಡ ಅನ್ನಲಿಲ್ಲ. ಅಪ್ಪ ಕುರ್ಚಿ ಎಳೆದುಕೊಂಡು ಬಂದು ನನ್ನ ಬೆನ್ನ ಹಿಂದೆ ಕೂತ.

ಎದುರಿಗಿದ್ದವನು ಆಲೂರಿನ ಕಾಲೇಜು ಹುಡುಗ. ಹನ್ನೆರಡು ವರ್ಷದಲ್ಲಿ ನಾನು ಅಷ್ಟು ಚೆನ್ನಾಗಿ ಆಡಿದ್ದಿಲ್ಲ. ಹತ್ತೊಂಬತ್ತನೆಯ ನಡೆಗೆ ಅವನ ರಾಜನನ್ನು ಕಟ್ಟಿಹಾಕಿದೆ. ಕೈ ಕುಲುಕಿ ಹಿಂದಿರುಗಿ ನೋಡಿದೆ. ಕುರ್ಚಿ ಖಾಲಿಯಿತ್ತು.

ಅಪ್ಪ ನಾಲ್ಕು ಮೇಜು ಆಚೆ, ನಯನಾಳಿಗೆ ಕಾಣದ ಹಾಗೆ ಕಂಬದ ಮರೆಯಲ್ಲಿ ನಿಂತಿದ್ದ. ಹೋಗಿ ಪಕ್ಕದಲ್ಲಿ ನಿಂತೆ. "ನಂದು ನೋಡ್ಲಿಲ್ವಾ?" ಅಂದೆ, ಮೆಲ್ಲಗೆ.

"ನಿಂದು ನೋಡೋದೇನೈತೆ, ಗೆದ್ದೇ ಗೆಲ್ತೀಯ," ಅಂದ, ಕಣ್ಣು ತೆಗೆಯದೆ. ನಯನಾಳ ಸಿಪಾಯಿಯೊಂದು ಎದುರಾಳಿಯ ಮೂಲೆಮನೆಗೆ ಇನ್ನೊಂದೇ ಹೆಜ್ಜೆ ದೂರದಲ್ಲಿತ್ತು. ಅವಳ ಕೈ ಅದರ ಮೇಲೆ ಹೋಗುತ್ತಿತ್ತು. ಅಪ್ಪ ನನ್ನ ಮೊಣಕೈ ಹಿಡಿದುಕೊಂಡ. ನನ್ನ ಮದುವೆಯ ದಿನದ ನಂತರ ಅವನು ನನ್ನನ್ನು ಹಾಗೆ ಹಿಡಿದ ನೆನಪಿಲ್ಲ. ಕಿವಿಯ ಹತ್ತಿರ ಬಗ್ಗಿ ಕೇಳಿದ:

"ವಾಣಿ, ನಿಂಗ್ ಗೊತ್ತಿರ್ತದಲ್ಲ. ಈಗ ಅಲ್ಲಿ ಮಂತ್ರಿ ಇಟ್ರೆ ಸರಿಯೋ, ಆನೆ ಇಟ್ರೆ ಸರಿಯೋ?"

ಯಾವ ನಡೆ ಸರಿ ಅಂತ ಅಪ್ಪ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಇಪ್ಪತ್ತನಾಲ್ಕು ವರ್ಷ ನಾನು ಕಾದಿದ್ದು ಇಂಥದೊಂದು ಪ್ರಶ್ನೆಗೆ. ಉತ್ತರ ನನಗೆ ಒಂದೇ ನೋಟಕ್ಕೆ ಗೊತ್ತಾಗಿತ್ತು.

"ನಂಗೊತ್ತಿಲ್ಲಪ್ಪ," ಅಂದೆ.